ಸೆಲ್ಡಮ್ ಎಂಬ ಮೆಟ್ಟಿಲು

ನಮ್ಮ ಮನೆಯಲ್ಲಿ ಯಾರ ದನಿ ಎಲ್ಲಿಂದ ಕೇಳಿದರೂ ಮೊದಲು ಬೈಸಿಕೊಳ್ಳುವವನು ನಾನು. ಒಮ್ಮೆ ಹಾಲಿನವನು ಬಾಗಿಲಲ್ಲಿ ಕೂಗಿದಾಗ ಅವ್ವ ಅದು ನನ್ನ ನಕಲೆಂದು ತಿಳಿದು ಒಳಗಿನಿಂದಲೇ, "ಬಾಯಿ ಮುಚ್ಚಕೊಂಡ ಓದ್ಕೋತ ಕೂಡ, ಮಂಗ್ಯಾ!" ಎಂದು ಗದರಿದಳು. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಬೈಗುಳಕ್ಕೆ ಭಾಷೆ ಬೇಕೇ? ಕ್ಯಾನು ಎತ್ತಿಕೊಂಡು ಹೋಗಿಯೇಬಿಟ್ಟ. ಅಂದು ಎಲ್ಲರೂ ಕರಿ ಚಹಾ ಕುಡಿದೆವು. ಅದಕ್ಕೂ ನನ್ನನ್ನೇ ಬೈದರು.

ನಾವು ಧಾರವಾಡದ ಕಡೆಯವರು. ಅಪ್ಪನ ಸರಕಾರಿ ಕಾರಕೂನಿಕೆಯ ಬೆನ್ನು ಹತ್ತಿ ಪುಣೆಗೆ ಬಂದು, ಪೇಠೆಯ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗೆ ಇದ್ದೇವೆ. ವಾಡೆಯ ಅಂಗಳದ ನಡುವೆ ನೀರಿನ ಕಲ್ಲುತೊಟ್ಟಿ ಇದೆ. ಅದನ್ನು ಇಲ್ಲಿಯವರು ಹೌದ ಎನ್ನುತ್ತಾರೆ. ಬಂದ ಹೊಸತರಲ್ಲಿ ವಾಡೆಯ ಒಡತಿ ಮಾಲಕೀಣಬಾಯಿ ಅದನ್ನು ತೋರಿಸಿ "ಹೌದ, ಹೌದ" ಎಂದರೆ ಅವ್ವ "ಹೌದ್ರಿ, ಹೌದ್ರಿ" ಎಂದು ತಲೆಯಾಡಿಸಿದಳಂತೆ. ಏನನ್ನು ಒಪ್ಪಿಕೊಂಡೆ ಎಂಬುದು ಅವಳಿಗೆ ಮರುದಿನ ನೀರು ತರುವಾಗ ತಿಳಿಯಿತು. ಆ ಹೌದದ ಮೇಲೆ ಬಗ್ಗಿ ಮಾತಾಡಿದರೆ ದನಿ ದುಂಡಗಾಗಿ, ಸ್ವಲ್ಪ ವಯಸ್ಸಾಗಿ ಮರಳಿ ಬರುತ್ತದೆ. ನನ್ನ ಗರಡಿಮನೆ ಅದೇ. ಮಾಲಕೀಣಬಾಯಿಯ ಮೂಗಿನ ಮರಾಠಿ, ಅಪ್ಪ ತನ್ನ ಸಾಹೇಬನ ಮುಂದೆ ಮಾತ್ರ ತೆಗೆಯುವ ಸಣ್ಣ ದನಿ, ಮೀಸೆ ಇನ್ನೂ ಬಾರದ ಕಾಲಕ್ಕೆ ನಾನೇ ದಪ್ಪ ಮಾಡಿಕೊಂಡು ಮಾತಾಡುತ್ತಿದ್ದ ನನ್ನ ದನಿ, ಎಲ್ಲವನ್ನೂ ಅಲ್ಲಿ ತಾಲೀಮು ಮಾಡಿದ್ದೇನೆ.

ಆದರೆ ನನ್ನ ಕೈಗೆ, ಅಂದರೆ ಗಂಟಲಿಗೆ, ಪೂರ್ತಿ ಕೂತದ್ದು ಅಜ್ಜನ ದನಿ.

ಅಜ್ಜ ಇಡೀ ದಿನ ಪಡಸಾಲೆಯಲ್ಲಿ ನಶ್ಯದ ಡಬ್ಬಿ ಹಿಡಿದು ಕೂತಿರುತ್ತಿದ್ದ. ಅಜ್ಜಿ ಒಳಗೆ ಅಡಿಗೆಮನೆಯ ಹೊಸ್ತಿಲ ಹತ್ತಿರ. ನಡುವೆ ಒಂದು ಗೋಡೆ. ಮನಸ್ಸಿಗೆ ಬಂದಾಗಲೆಲ್ಲ ಅಜ್ಜ ಗಂಟಲು ಕೆರೆದು, "ಅದೀಯೇನು?" ಎಂದು ಕೂಗುವನು. "ಅದೀನ್ರಿ" ಎಂದು ಅಜ್ಜಿ ಓಗೊಡುವಳು. ಅಷ್ಟೇ. ನೀರು ಬೇಕೆಂದಲ್ಲ, ಚಹಾ ಬೇಕೆಂದಲ್ಲ. ಇದ್ದೀಯಾ ಎಂದರೆ ಇದ್ದೇನೆ. ಆ ಎರಡು ಮಾತಿನ ಮೇಲೆ ಅವರ ಸಂಸಾರ ನಡೆದಿತ್ತು.

ನಾನು ಗೋಡೆಯ ಮರೆಯಲ್ಲಿ ನಿಂತು "ಅದೀಯೇನು?" ಎಂದರೆ ಅವ್ವ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು, ಅಪ್ಪ ಕಾಲು ಮಡಿಚಿ ಕೂಡುತ್ತಿದ್ದ. ಒಮ್ಮೆ ಸ್ವತಃ ಅಜ್ಜನೇ ಪಡಸಾಲೆಯಿಂದ ಎದ್ದು ಬಂದು, "ಈಗ ನಾ ಏನರ ಅಂದ್ನೇನು?" ಎಂದು ಕೇಳಿದ್ದ. ಎಲ್ಲರೂ ಮೋಸಹೋಗುತ್ತಿದ್ದರು, ಅಜ್ಜಿಯೊಬ್ಬಳನ್ನು ಬಿಟ್ಟು. ಅವಳು ನನ್ನ ಕೂಗಿಗೆ ಒಮ್ಮೆಯೂ ಓಗೊಡಲಿಲ್ಲ. ಹಸನು ಮಾಡುತ್ತಿದ್ದ ಅಕ್ಕಿಯಿಂದ ತಲೆ ಎತ್ತದೆ, "ಹೋಗಲೇ, ಕಳ್ಳ. ನಿಮ್ಮಜ್ಜನ ಗಂಟಲ ಹಂಗಿಲ್ಲ" ಎನ್ನುತ್ತಿದ್ದಳು. ಎಲ್ಲಿ ತಪ್ಪಿದೆ ಎಂದು ನಾನು ಎಷ್ಟು ಬೇಡಿಕೊಂಡರೂ ಹೇಳಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ಅವ್ವ ನನ್ನನ್ನು ದೇವರ ಮುಂದೆ ನಿಲ್ಲಿಸಿ, ಆ ದನಿ ಇನ್ನು ತೆಗೆಯುವುದಿಲ್ಲ ಎಂದು ಆಣೆ ಮಾಡಿಸಿದಳು. ಮಾಡಿದೆ. ಉಳಿಸಿಕೊಂಡೆ ಕೂಡ. ನಾನು ಉಳಿಸಿಕೊಂಡ ಆಣೆಗಳು ಹೆಚ್ಚಿಲ್ಲವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಅದೇ ಕಾಲಕ್ಕೆ ಅಪ್ಪ ನನ್ನನ್ನು ಸಂಜೆಯ ಇಂಗ್ಲಿಷ್ ವರ್ಗಕ್ಕೆ ಹಾಕಿದ. ಮೆಟ್ರಿಕ್ ಆಗಿದ್ದರೂ ಸಾಹೇಬರ ಮುಂದೆ ನಿಂತು ಮಾತಾಡುವ ಇಂಗ್ಲಿಷ್ ನನಗೆ ಬಾರದು ಎಂಬುದು ಅವನ ಕೊರಗು. ಕಲಿಸುವ ಮಾಸ್ತರರು ನಿವೃತ್ತರು, ಮರಾಠಿಯವರು. ಕರೀ ಕೋಟು ಹಾಕಿ, ಸೀಮೆಸುಣ್ಣವನ್ನು ಬೀಡಿಯಂತೆ ಹಿಡಿಯುವವರು. ಅವರು ಹಲಗೆಯ ಮೇಲೆ ಒಂದು ಮೆಟ್ಟಿಲಸಾಲು ಬರೆದರು. ಎಲ್ಲಕ್ಕಿಂತ ಮೇಲೆ ಆಲ್ವೇಜ್, ಯಾವಾಗಲೂ. ಎಲ್ಲಕ್ಕಿಂತ ಕೆಳಗೆ ನೆವರ್, ಎಂದೂ ಇಲ್ಲ. ನಡುವೆ ಇಳಿಯುತ್ತ ಆಫನ್, ಸಮ್‌ಟೈಮ್ಸ್, ಆಕೇಜನಲಿ, ಸೆಲ್ಡಮ್, ಹಾರ್ಡ್ಲಿ ಎವರ್.

"ಮೇಲಿನದು ನಮ್ಮ ಮಾರುತಿ, ಯಾವಾಗಲೂ ಗುಡಿಯಲ್ಲಿಯೇ ಇರುತ್ತಾನೆ. ಕೆಳಗಿನದು ಮೊಲದ ಕೊಂಬು, ಇಲ್ಲವೇ ಇಲ್ಲ. ಬಾಬಾಂನೋ, ಮನುಷ್ಯ ಜಾರಿ ಬೀಳುವುದು ನಡುವಿನ ಮೆಟ್ಟಿಲ ಮೇಲೆ" ಎಂದರು.

ಮೊದಲು ಜಾರಿದವನು ನಾನೇ. ಹಾರ್ಡ್ ಎಂದರೆ ಗಟ್ಟಿ. ಹಾರ್ಡ್ಲಿ ಎಂದರೆ ಇನ್ನೂ ಗಟ್ಟಿ ಎಂದು ಲೆಕ್ಕ ಹಾಕಿ, "ಮೈ ಫಾದರ್ ಹಾರ್ಡ್ಲಿ ವರ್ಕ್ಸ್" ಎಂದು ಎದೆಯುಬ್ಬಿಸಿ ಹೇಳಿದೆ. ನಮ್ಮಪ್ಪ ಮೈಮುರಿದು ದುಡಿಯುತ್ತಾನೆ ಎಂಬುದು ನನ್ನ ಅಭಿಪ್ರಾಯ. ಮಾಸ್ತರರು ಕನ್ನಡಕ ತೆಗೆದು, "ನಿಮ್ಮಪ್ಪ ಕೆಲಸವನ್ನೇ ಮಾಡುವುದಿಲ್ಲ ಎಂದಾಯಿತು. ಈ ವಾಕ್ಯ ಅವನ ಸಾಹೇಬನ ಕಿವಿಗೆ ಬಿದ್ದರೆ ನಾಳೆಯಿಂದ ನಿಜವಾಗುತ್ತದೆ" ಎಂದರು.

ಆಮೇಲೆ ಸೆಲ್ಡಮ್‌ಗೆ, ಅಂದರೆ ತೀರ ಅಪರೂಪಕ್ಕೆ ಎಂಬ ಮೆಟ್ಟಿಲಿಗೆ, ಬಂದರು. ಆ ಮಾತನ್ನು ಸಣ್ಣ ದನಿಯಲ್ಲಿ, ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ ಹೇಳಿದರು. "ಇದರ ಹೊಟ್ಟೆಯಲ್ಲೇ ಒಂದು ಇಲ್ಲ ಅಡಗಿ ಕೂತಿದೆ. ನೀವು ಇನ್ನೊಂದು ಇಲ್ಲ ಸೇರಿಸಬೇಡಿರಿ. ಎರಡು ಇಲ್ಲ ಕೂಡಿದರೆ ಒಂದು ದೊಡ್ಡ ಹೌದು ಎದ್ದು ನಿಲ್ಲುತ್ತದೆ." ನಮ್ಮ ಬಾಯಿಗೆ ಇದು ಕಷ್ಟ. ನಾವು "ಅವನು ಅಷ್ಟಾಗಿ ಬರೋದಿಲ್ಲ" ಎನ್ನುವವರು. ಕೊನೆಗೊಂದು ಇಲ್ಲ ಬಾರದಿದ್ದರೆ ನಮಗೆ ವಾಕ್ಯ ಮುಗಿದಂತೆಯೇ ಅನ್ನಿಸುವುದಿಲ್ಲ. ಮನೆಗೆ ಬಂದು ಮಾಸ್ತರರ ದನಿಯಲ್ಲೇ ಈ ಪಾಠ ಅಪ್ಪನಿಗೆ ಒಪ್ಪಿಸಿದೆ. ಅಪ್ಪ, "ನನಗ ಇಂಗ್ಲಿಷ್ ಕಲಸಾಕ ಬರಬ್ಯಾಡ. ನಾ ಗೋರಾ ಸಾಹೇಬನ ಕೈಯಾಗ ಪಳಗಿದಾಂವ" ಎಂದು ಎದ್ದುಹೋದ.

ಮಧ್ಯಾಹ್ನಗಳು ಶುರುವಾದದ್ದು ಆಗ.

ಊಟವಾಗಿ ವಾಡೆ ಮಲಗುವ ಹೊತ್ತು. ಪಾರಿವಾಳಗಳು ಸಹ ಜಂತಿಯ ಮೇಲೆ ಗುಟುರು ನಿಲ್ಲಿಸಿ ಕೂತಿರುತ್ತವೆ. ನಾನು ಅಂಗಳದಲ್ಲಿದ್ದೆ. ಒಳಗಿನಿಂದ ಗಂಟಲು ಕೆರೆದ ಸದ್ದು, ಆಮೇಲೆ, "ಅದೀಯೇನು?"

ಹೌದದೊಳಗಿಂದ ನನ್ನದೇ ಯಾವುದೋ ಹಳೆಯ ಕೂಗು ಈಗ ಮರಳಿ ಬಂತೇನೋ ಎಂದು ಅನ್ನಿಸಿತು. ಹುಚ್ಚು ವಿಚಾರ. ಆದರೆ ಬಗ್ಗಿ ನೋಡಿದೆ. ನೀರಿನಲ್ಲಿ ನನ್ನ ಮುಖವಿತ್ತು, ಬಾಯಿ ಮುಚ್ಚಿಕೊಂಡಿತ್ತು. ಅವ್ವ ಬಂದು ಬೆನ್ನ ಮೇಲೆ ಒಂದು ಬಾರಿಸಿದಳು.

"ಆಣಿ ಮಾಡಿದ್ಯಲ್ಲೋ! ಸತ್ತವರ ದನಿ ತೆಗಿಯಾಕ ನಾಚಿಕಿ ಬರೂದಿಲ್ಲ?"

"ನಾ ಅಲ್ಲ ಯವ್ವಾ!"

"ನೀ ಅಲ್ಲದ ಮತ್ತ ನಿಮ್ಮಜ್ಜ ಬಂದಿದ್ದನೇನು?" ಎಂದವಳು, ಹಾಗೆ ಅಂದದ್ದಕ್ಕೆ ತಾನೇ ನಾಲಿಗೆ ಕಚ್ಚಿಕೊಂಡಳು.

ಕೆಲವು ದಿನ ಏನೂ ಇಲ್ಲ. ಮತ್ತೆ ಒಂದು ಮಧ್ಯಾಹ್ನ. ಮತ್ತೆ ಏಟು. ಆಮೇಲೆ ಬಹಳ ದಿನ ಇಲ್ಲ. ಬರುವುದಕ್ಕೆ ವಾರವಿಲ್ಲ, ತಿಥಿಯಿಲ್ಲ. ಅಮಾವಾಸ್ಯೆಗೆ ಬಂದಿದ್ದರೆ ಅವ್ವ ಲಿಂಬೆಹಣ್ಣು ತಂದಿಡುತ್ತಿದ್ದಳು. ಅದು ಬರಬಹುದು ಎಂದು ಕಿವಿಗೊಟ್ಟು ಕೂತ ದಿನ ಬರದು. ಮರೆತು ನಗುತ್ತಿದ್ದಾಗ ಬಂದೀತು. ಸೆಲ್ಡಮ್ ಎಂಬ ಮೆಟ್ಟಿಲು ಏನೆಂದು ನನಗೆ ಮಾಸ್ತರರ ಹಲಗೆಯ ಮೇಲೆ ಗೊತ್ತಾಗಿರಲಿಲ್ಲ, ಬೆನ್ನ ಮೇಲೆ ಗೊತ್ತಾಯಿತು.

ನನ್ನನ್ನು ಬಿಡಿಸಿದ್ದು ಚುರಮರಿ. ಅವ್ವನ ಎದುರಿಗೇ ಕೂತು ಎರಡೂ ಗಲ್ಲ ಉಬ್ಬುವಷ್ಟು ತುಂಬಿಕೊಂಡಿದ್ದೆ. ಗಂಟಲು ಕೆರೆದ ಸದ್ದು ಕೇಳಿತು. "ಅದೀಯೇನು?" ಅವ್ವ ನನ್ನ ಬಾಯಿಯನ್ನು ನೋಡಿದಳು. ನಾನು ಅವಳ ಕಣ್ಣನ್ನು ನೋಡಿದೆ. ಅವಳ ಕೈಯ ಸೌಟು ನೆಲಕ್ಕೆ ಬಿತ್ತು. ಆಮೇಲೆ ಒಳಗಿನಿಂದ ತೆಳುವಾದ, ನಮಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ದನಿ: "ಅದೀನ್ರಿ."

ಇಬ್ಬರೂ ಬಾಗಿಲಿಗೆ ಹೋಗಿ ಇಣುಕಿದೆವು. ಅಜ್ಜಿ ಮೊರ ತೊಡೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿದ್ದಳು. ಬೆರಳು ಅಕ್ಕಿಯ ಮೇಲೆ ನಿಂತಿತ್ತು. ಕೆಳದವಡೆ ಸ್ವಲ್ಪ ಇಳಿಯಿತು. ಅಜ್ಜನದು ಹೀಗೆಯೇ ಇಳಿಯುತ್ತಿತ್ತು. ಅವಳ ಬಾಯಿಂದ ಅವನ ದನಿ ಮತ್ತೊಮ್ಮೆ ಕೇಳಿತು, ಅದೇ ಬಾಯಿ ಅವಳ ದನಿಯಲ್ಲಿ ಉತ್ತರ ಕೊಟ್ಟಿತು. ಬೆರಳು ಮತ್ತೆ ಕಲ್ಲು ಆರಿಸತೊಡಗಿತು.

ನಕಲಿನ ಕಸುಬಿನವನಾಗಿ ಒಂದು ಮಾತು ಹೇಳಬೇಕು: ಅದು ನನ್ನದಕ್ಕಿಂತ ಬಹಳ ಮೇಲಿತ್ತು. ನನ್ನ ಮುಂಗೈಯ ಕೂದಲೆಲ್ಲ ನಿಮಿರಿದ್ದರೂ, ಗಂಟಲು ಕೆರೆಯುವ ಮೊದಲು ಒಂದು ಸಣ್ಣ ಉಸಿರು ಒಳಗೆಳೆಯಬೇಕು, ನಾನು ತಪ್ಪುತ್ತಿದ್ದದ್ದು ಅಲ್ಲೇ ಎಂಬುದು ಆಗಲೇ ಹೊಳೆಯಿತು.

ಸಂಜೆ ಅಪ್ಪ ಮೆಲ್ಲಗೆ ಕೇಳಿದ. ಅಜ್ಜಿ ಬೆರಗಾದಳು. "ನಾ ಎಲ್ಲಿ ಕೂಗಿದೆ? ಅವರು ಕೂಗಿದ್ರು, ನಾ ಓಗೊಟ್ಟೆ. ಅದರಾಗೇನ ತಪ್ಪದ?"

"ಇಂವಾ ಕೂಗಿರಬೇಕು, ಯವ್ವಾ" ಎಂದು ಅಪ್ಪ ಕೊನೆಯ ಆಸೆಯಿಂದ ನನ್ನನ್ನು ತೋರಿಸಿದ.

"ಇವನ ದನಿಗೆ ನಾ ಎಂದರ ಓಗೊಟ್ಟೀನೇನು?" ಎಂದು ಅಜ್ಜಿ ನಕ್ಕಳು.

ವಾಡೆಯಲ್ಲಿ ಇಂಥದ್ದು ಮುಚ್ಚಿಡಲಾಗುವುದಿಲ್ಲ. ಮಾಲಕೀಣಬಾಯಿ ಬಂದು ಅವ್ವನನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡರು. "ಸಾಸೂಬಾಯಿ ನೇಹಮೀ ಅಶಾ ಬೋಲತಾತ ಕಾ?" ಅತ್ತೆ ಯಾವಾಗಲೂ ಹೀಗೆ ಮಾತಾಡುತ್ತಾರೆಯೇ ಎಂದು.

"ನೇಹಮೀ ನಾಹೀ ಹೋ, ಕಧೀಕಧೀ" ಎಂದಳು ಅವ್ವ. ಯಾವಾಗಲೂ ಇಲ್ಲ, ಒಮ್ಮೊಮ್ಮೆ ಎಂದರೆ ಸಮಾಧಾನವಾದೀತೆಂದು.

ಆಗಲಿಲ್ಲ. ಮಾಲಕೀಣಬಾಯಿ ಹೇಳಿದ್ದರ ಸಾರ ಇಷ್ಟು: ಯಾವಾಗಲೂ ಇದ್ದಿದ್ದರೆ ಪಕ್ಕದ ಮನೆಯ ಕೆಮ್ಮಿನಂತೆ ಕಿವಿಗೆ ರೂಢಿಯಾಗುತ್ತಿತ್ತು. ಒಮ್ಮೊಮ್ಮೆ ಎಂದರೆ ಇಡೀ ವಾಡೆ ಕಾಯುತ್ತ ಕೂಡಬೇಕು. ತನ್ನ ಸೊಸೆ ತುಂಬಿದ ಬಸುರಿ, ಮಧ್ಯಾಹ್ನ ಕಣ್ಣು ಮುಚ್ಚುತ್ತಿಲ್ಲ. ಒಳ್ಳೆಯ ಡಾಕ್ಟರರಿಗೆ ತೋರಿಸಿರಿ, ಇಲ್ಲದಿದ್ದರೆ ಬೇರೆ ಜಾಗ ನೋಡಿಕೊಳ್ಳಿರಿ. ಅವರ ಮೂಗಿನ ದನಿ ಅಂದು ನಡುಗುತ್ತಿತ್ತು. ಅದನ್ನು ನಾನು ಈವರೆಗೂ ನಕಲು ಮಾಡಿಲ್ಲ.

ಅಪ್ಪ ತನ್ನ ಸಾಹೇಬನ ಚಿಟ್ಟಿ ಹಿಡಿದು, ಲಷ್ಕರದ ಕಡೆ ಬಂಗಲೆಯಲ್ಲಿದ್ದ ಒಬ್ಬ ಗೋರಾ ಡಾಕ್ಟರನನ್ನು ಗೊತ್ತು ಮಾಡಿದ. ಮುಂಜಾನೆ ಟಾಂಗಾದಲ್ಲಿ ಹೊರಟೆವು. ಅಜ್ಜಿಗೆ ಕಣ್ಣು ತೋರಿಸಲಿಕ್ಕೆ ಎಂದು ಹೇಳಿದ್ದೆವು. ಅವಳು ದಾರಿಯುದ್ದಕ್ಕೂ ಸಂತೋಷವಾಗಿದ್ದಳು. ಎದುರಿಗೆ ಮೆಮ್‌ಸಾಹೇಬರ ನಾಯಿಯೊಂದು ಮೋಟಾರಿನಲ್ಲಿ ಕೂತು ಹೋದದ್ದನ್ನು ನೋಡಿ, "ನೋಡೋ, ನಿನಗಿಂತ ಸುಮ್ಮಕ ಕೂತದ" ಎಂದು ನನ್ನನ್ನು ತಿವಿದಳು.

ಡಾಕ್ಟರ ಕೋಣೆಯಲ್ಲಿ ಅಜ್ಜಿಯನ್ನು ಎತ್ತರದ ಬೆಂಚಿನ ಮೇಲೆ ಕೂಡಿಸಿದರು. ಅವಳ ಕಾಲು ನೆಲ ಮುಟ್ಟುತ್ತಿರಲಿಲ್ಲ. ಡಾಕ್ಟರು ಕೆಟ್ಟವನಲ್ಲ. ಎತ್ತರದ, ದಣಿದ ಮನುಷ್ಯ, ಮಾತಿನ ನಡುನಡುವೆ "ಹ್ಞುಂಫ್" ಎಂದು ಮೂಗಿನಲ್ಲಿ ಗಾಳಿ ಬಿಡುವವನು. ಎಲ್ಲ ಕೇಳಿ, "ಹೌ ಆಫನ್?" ಎಂದ. ಎಷ್ಟು ಸಲ ಹೀಗಾಗುತ್ತದೆ?

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತ. ಅವನ ಮನಸ್ಸಿನಲ್ಲಿದ್ದದ್ದು ನಮ್ಮ ಮಾತು: ಅಷ್ಟಾಗಿ ಮಾತಾಡೋದಿಲ್ಲರಿ. ನಾಲಿಗೆಯಿಂದ ಹೊರಟದ್ದು:

"ಶೀ ಸೆಲ್ಡಮ್ ಡಸ್ ನಾಟ್ ಸ್ಪೀಕ್, ಸರ್."

ಎರಡು ಇಲ್ಲ ಕೂಡಿದವು. ಅವಳು ಆ ದನಿಯಲ್ಲಿ ಮಾತಾಡದೇ ಇರುವುದೇ ಅಪರೂಪ ಎಂದಾಯಿತು. ಡಾಕ್ಟರನ ಹುಬ್ಬು ಮೇಲೇರಿತು. ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಪ್ರಶ್ನೆ ಕೇಳಿದ: ದಿನಾಲೂ ಏನೂ ಇಲ್ಲವಷ್ಟೇ? ನಮ್ಮಲ್ಲಿ ಇಲ್ಲವಷ್ಟೇ ಎಂದರೆ ಹೌದು, ಇಲ್ಲ ಎನ್ನುತ್ತೇವೆ. ಅಪ್ಪ ಆ ಹೌದನ್ನಷ್ಟೇ ಇಂಗ್ಲಿಷಿಗೆ ಕೊಟ್ಟ.

"ಯೆಸ್ ಸರ್! ಯೆಸ್ ಸರ್!"

ಡಾಕ್ಟರನಿಗೆ ಅದು ದಿನಾಲೂ ಎಂದು ಕೇಳಿತು. "ಹ್ಞುಂಫ್" ಎಂದ. ನಿಧಾನವಾಗಿ, ಮರುಕದಿಂದಲೇ ಹೇಳತೊಡಗಿದ: ಇದು ಬಹಳ ಮುಂದುವರಿದಿದೆ. ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ನದಿಯಾಚೆ ಇಂಥವರನ್ನು ಇರಿಸಿಕೊಳ್ಳುವ ಜಾಗವಿದೆ. ಇಂದೇ ಅಲ್ಲಿಗೆ ಹೋಗಲಿ, ಕೆಲವು ತಿಂಗಳು ಇರಲಿ, ಆಮೇಲೆ ನೋಡೋಣ. ಅಪ್ಪನ ಬಾಯಿ ಇನ್ನೂ ರೂಢಿಯಿಂದ "ಯೆಸ್ ಸರ್" ಎನ್ನುತ್ತಿತ್ತು. ಮುಖದ ಮೇಲಿನ ರಕ್ತ ಮಾತ್ರ ಇಳಿದುಹೋಗುತ್ತಿತ್ತು.

"ಏನಂತಾನಪಾ ಡಾಕ್ಟರ? ಚಾಳೀಸ ಕೊಡ್ತಾನಂತೇನು?" ಎಂದು ಅಜ್ಜಿ ಬೆಂಚಿನ ಮೇಲಿನಿಂದ ಕೇಳಿದಳು. ಕನ್ನಡಕ ಬಂದೀತೆಂದು ಅವಳು ಕಾಯುತ್ತಿದ್ದಳು. ನದಿಯಾಚೆಯ ಆ ಜಾಗದಲ್ಲಿ ಅವಳ ಮಾತು ಯಾರಿಗೂ ತಿಳಿಯುವುದಿಲ್ಲ. ಅಲ್ಲಿ ಅವಳು "ಅದೀನ್ರಿ" ಎಂದರೆ ಅದು ರೋಗವೆಂದೇ ಆಗುತ್ತದೆ.

ನಾನು ಎದ್ದೆ. "ಸರ್, ಓನ್ಲಿ ಸೆಲ್ಡಮ್, ಸರ್. ನೋ ನಾಟ್."

ಡಾಕ್ಟರು ನನ್ನತ್ತ ತಿರುಗಿದ. ತಂದೆ ದಿನಾಲೂ ಎನ್ನುತ್ತಾನೆ, ಮಗ ಅಪರೂಪ ಎನ್ನುತ್ತಾನೆ, ಯಾರನ್ನು ನಂಬಬೇಕು? ಅವನ ಕೈ ಆಳನ್ನು ಕರೆಯುವ ಮೇಜಿನ ಗಂಟೆಯ ಮೇಲಿತ್ತು. ವ್ಯಾಕರಣದಿಂದ ಆ ಕೈಯನ್ನು ತಡೆಯುವುದು ಆಗದ ಮಾತು ಎಂದು ಕಂಡಿತು. ಆಗ ನನ್ನ ಬಾಯಿಂದ ಒಂದು ಸುಳ್ಳು ಸರಾಗವಾಗಿ ಬಂತು. ಅಷ್ಟು ತಪ್ಪಿಲ್ಲದ ಇಂಗ್ಲಿಷ್ ನಾನು ಅದುವರೆಗೆ ಆಡಿರಲಿಲ್ಲ. ಆ ದನಿ ಅಜ್ಜಿಯದಲ್ಲ, ನನ್ನದು. ನಾನು ನಕಲಿಯವನು. ಮನೆಯವರನ್ನು ಹೆದರಿಸಲು ಗೋಡೆಯ ಹಿಂದಿನಿಂದ ನಾನೇ ಕೂಗುತ್ತೇನೆ.

"ಮಾಡಿ ತೋರಿಸು" ಎಂದ ಡಾಕ್ಟರು.

ಮಾಸ್ತರರನ್ನು ಮಾಡಿದೆ. ಮಾಲಕೀಣಬಾಯಿಯನ್ನು, ಮೂಗು ಮಾತ್ರ, ನಡುಕ ಬಿಟ್ಟು, ಮಾಡಿದೆ. ಆಮೇಲೆ ಹೇಗೂ ಮುಳುಗಿದವನೆಂದು ಧೈರ್ಯ ಮಾಡಿ, ಕೈಯನ್ನು ಗಂಟೆಯ ಮೇಲಿಟ್ಟಂತೆ ಇಟ್ಟು, "ಹ್ಞುಂಫ್. ಹೌ ಆಫನ್?" ಎಂದೆ. ಬಾಗಿಲಲ್ಲಿದ್ದ ಕಂಪೌಂಡರ ಕೆಮ್ಮಿದಂತೆ ಮಾಡಿ ಹೊರಗೋಡಿದ. ಡಾಕ್ಟರು ದೊಡ್ಡದಾಗಿ ನಕ್ಕುಬಿಟ್ಟ. "ಈಗ ಅಜ್ಜ" ಎಂದ. ಕುರ್ಚಿಯಲ್ಲಿ ಮುಂದೆ ಬಾಗಿ ನನ್ನ ತುಟಿಗಳನ್ನೇ ನೋಡುತ್ತ ಕೂತ.

ಆಣೆ ನೆನಪಾಯಿತು. ಅವ್ವನ ದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಬಾಯಿ ತೆರೆದೆ. ಹೊಸದಾಗಿ ಕಲಿತಿದ್ದ ಆ ಸಣ್ಣ ಉಸಿರನ್ನು ಒಳಗೆಳೆದುಕೊಂಡೆ.

ಅದನ್ನು ಇನ್ನೂ ಹೊರಗೆ ಬಿಟ್ಟಿರಲಿಲ್ಲ. ಕೋಣೆಯಲ್ಲಿ ಗಂಟಲು ಕೆರೆದ ಸದ್ದಾಯಿತು.

"ನಡಿ, ಮನಿಗೆ ಹೋಗೂಣು."

ನಾನು ಹೇಳಬೇಕೆಂದಿದ್ದದ್ದು "ಅದೀಯೇನು?" ಎಂದು. ಮನೆಗೆ ಹೋಗೋಣ ಎಂಬ ಮಾತನ್ನು ಅಜ್ಜನ ದನಿಯಲ್ಲಿ ನಾನು ಎಂದೂ ತಾಲೀಮು ಮಾಡಿರಲಿಲ್ಲ. ಎದೆಯಲ್ಲಿ ಉಸಿರು ಕಟ್ಟಿಕೊಂಡೇ ನಿಂತಿದ್ದೆ. ನಶ್ಯದ ವಾಸನೆ ಬಂತು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಬರಲಿಲ್ಲ. ಕೋಣೆಯಲ್ಲಿ ಇದ್ದದ್ದು ಫಿನೈಲಿನ ವಾಸನೆ ಮಾತ್ರ.

"ಬಂದೆನ್ರಿ" ಎಂದಳು ಅಜ್ಜಿ. ಬೆಂಚಿನಿಂದ ಸರಿದು, ಕಾಲಿನಿಂದ ನೆಲ ಹುಡುಕಿ ಇಳಿದು, ಸೆರಗು ಹೊದ್ದುಕೊಂಡು, ಯಾರನ್ನೂ ನೋಡದೆ ಬಾಗಿಲ ಕಡೆ ನಡೆದಳು.

ಡಾಕ್ಟರು ಚಪ್ಪಾಳೆ ತಟ್ಟಿದ. ಪಾಪ, ಮುದುಕಿ ಸಹ ನಂಬಿಬಿಟ್ಟಳು ನೋಡಿ ಎಂದ. ಆಮೇಲೆ ಮುಖ ಗಂಭೀರ ಮಾಡಿಕೊಂಡು, ಇದು ಕ್ರೂರ ಆಟ, ಎಷ್ಟು ಸಲ ಮಾಡುತ್ತೀ ಎಂದು ನನ್ನನ್ನೇ ಕೇಳಿದ.

"ಆಕೇಜನಲಿ, ಸರ್" ಎಂದೆ.

ಇನ್ನು ಮೇಲೆ ಅದು ನೆವರ್ ಆಗಲಿ ಎಂದ. ಗಂಟೆ ಬಾರಿಸಲಿಲ್ಲ.

ಟಾಂಗಾದಲ್ಲಿ ಅಜ್ಜಿ ಹಿಂದೆ ಒರಗಿ ನಿದ್ದೆಹೋದಳು. ಅಪ್ಪ ಬಹಳ ಹೊತ್ತು ಕುದುರೆಯ ಕಿವಿ ನೋಡುತ್ತಿದ್ದ. ಸೇತುವೆ ದಾಟಿದ ಮೇಲೆ, ಗಾಡಿಯವನಿಗೆ ಕನ್ನಡ ಬಾರದಿದ್ದರೂ ದನಿ ತಗ್ಗಿಸಿ ಹೇಳಿದ:

"ಡಾಕ್ಟರ ನಿನ್ನ ಬಾಯಿ ನೋಡಾಕತ್ತಿದ್ದ. ನಾ ನಮ್ಮವ್ವನ್ನ ನೋಡಾಕತ್ತಿದ್ದೆ."

"ಹೂಂ."

"ಅಕಿ ಬಾಯಿ ಮುಚ್ಚಿತ್ತು. ತುಟಿ ಸೈತ ಅಳ್ಳಾಡಲಿಲ್ಲ." ನನ್ನತ್ತ ತಿರುಗಿ, "ನೀನ ಅಂದದ್ದು. ಹೌದಲ್ಲೋ?"

ಅಪ್ಪ ಆ ಪ್ರಶ್ನೆಯನ್ನು ಹೌದು ಎನ್ನಿಸಿಕೊಳ್ಳಲೆಂದೇ ಕೇಳಿದ್ದ. ಅಜ್ಜಿಯ ತಲೆ ನನ್ನ ಭುಜಕ್ಕೆ ತಾಗಿತ್ತು. ಇವನ ದನಿಗೆ ನಾ ಎಂದರ ಓಗೊಟ್ಟೀನೇನು ಎಂದು ನಕ್ಕಿದ್ದವಳು.

"ಹೌದಪ್ಪಾ" ಎಂದೆ.

"ಛಲೋ ಅಂದಿ" ಎಂದ ಅಪ್ಪ. ಮತ್ತೆ ಆ ಮಾತು ತೆಗೆದಿಲ್ಲ.

ವಾಡೆಯಲ್ಲಿ ಈಗ ಎಲ್ಲರಿಗೂ ನೆಮ್ಮದಿ. ಮಾಡುತ್ತಿದ್ದವನು ನಾನು ಎಂದು ಡಾಕ್ಟರೇ ಹೇಳಿದ್ದಾನಲ್ಲ. ಮಾಲಕೀಣಬಾಯಿಯ ಸೊಸೆ ಹೆತ್ತು, ಮಗು ಅಂಗಳದಲ್ಲಿ ಅಂಬೆಗಾಲಿಡುತ್ತಿದೆ. ಮಧ್ಯಾಹ್ನ ಒಳಗಿನಿಂದ ಗಂಟಲು ಕೆರೆದ ಸದ್ದಾದರೆ ಮೇಲಿನ ಮಹಡಿಯಿಂದ, ಪಕ್ಕದ ಖೋಲಿಯಿಂದ, ಎಲ್ಲ ಕಡೆಯಿಂದ ನನಗೆ ಮರಾಠಿಯಲ್ಲಿ ಬೈಗುಳ ಬರುತ್ತವೆ. ನಾನು ಎದುರಿನ ಕಟ್ಟೆಯ ಮೇಲೆ ಬಾಯಿ ಮುಚ್ಚಿ ಕೂತಿದ್ದರೂ ಬರುತ್ತವೆ. ಕೈ ಎತ್ತಿ ಒಪ್ಪಿಕೊಳ್ಳುತ್ತೇನೆ. ಆಗಲೂ ನಾನು ಅಜ್ಜಿಯ ಬಾಯಿಯನ್ನು ನೋಡುವುದಿಲ್ಲ. ಅದು ಅಳ್ಳಾಡುತ್ತಿರಲಿ ಎಂದು ಬೇಡಿಕೊಳ್ಳುತ್ತೇನೆ, ಆದರೆ ನೋಡುವುದಿಲ್ಲ.

ಮೊನ್ನೆ ಮಾಸ್ತರರು ಮೆಟ್ಟಿಲಿಗೊಂದು ವಾಕ್ಯ ಮಾಡಲು ಹೇಳಿದರು. ಸೆಲ್ಡಮ್ ನನ್ನ ಪಾಲಿಗೆ ಬಂತು. ಎದ್ದು ನಿಂತು, "ಮೈ ಗ್ರ್ಯಾಂಡ್‌ಫಾದರ್ ಸೆಲ್ಡಮ್ ಸ್ಪೀಕ್ಸ್" ಎಂದೆ.

"ಶಾಬಾಸ್. ಇಲ್ಲ ಸೇರಿಸಲಿಲ್ಲ" ಎಂದು ಮಾಸ್ತರರು ತಲೆದೂಗಿದರು. ಆಮೇಲೆ ಏನೋ ನೆನಪಾಗಿ, "ಆದರೆ ನಿನ್ನ ಅಜ್ಜ ತೀರಿಕೊಂಡರಲ್ಲವೇ? ಹಾಗಾದರೆ ಸ್ಪೀಕ್ಸ್ ಅಲ್ಲ, ಸ್ಪೋಕ್. ಭೂತಕಾಲ. ತಿದ್ದಿ ಹೇಳು."

ಪಕ್ಕದವರು ನಾನೀಗ ಯಾರ ದನಿಯಲ್ಲಿ ಏನು ತಮಾಷೆ ಮಾಡುತ್ತೇನೋ ಎಂದು ಬಾಯಿ ಮುಚ್ಚಿಕೊಂಡು ನಗಲು ಸಿದ್ಧರಾಗಿದ್ದರು.

"ಇದು ಹೀಗೇ ಇರಲಿ, ಸರ್" ಎಂದು ನನ್ನ ದನಿಯಲ್ಲೇ ಹೇಳಿ ಕೂತೆ.